ಮೈಕ್ ತೆಗೆದ ಮೇಲೂ ನುಡಿದ ಕೊಳಲು

ಎರಡೂ ಕೈಗೆ ಎಣ್ಣೆ ಸವರಿಕೊಂಡು ಗುಜ್ಜೆ ಹೆಚ್ಚುತ್ತಿದ್ದೆ. ಎಳೆ ಹಲಸಿನ ಮೇಣ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಆಗ ಪಕ್ಕದ ಮನೆಯ ಸ್ಯಾಕ್ಸ್ ಅಂಕಲರ ತಂಗಿ ಕಂಪೌಂಡಿನ ಆಚೆಯಿಂದ ಕೂಗಿದರು: "ಅಕ್ಕಾ, ಬೇಗ ಬನ್ನಿ, ಅಣ್ಣ ಏಳ್ತಾ ಇಲ್ಲ!"

ಅವರು ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಬಲಗೈ ಕೆಳಗೆ ಜೋತಿತ್ತು. ಹೆಬ್ಬೆರಳಿನ ಗೆಣ್ಣಿನ ಹತ್ತಿರ ಬಟಾಣಿ ಗಾತ್ರದ ಜಡ್ಡು. ನಲವತ್ತು ವರ್ಷ ಸ್ಯಾಕ್ಸೊಫೋನಿನ ಭಾರ ಹೊತ್ತ ಬೆರಳು ಅದು. ಚಹಾ ಪೂರ್ತಿ ಕುಡಿದಿದ್ದರು. ನರಳಲಿಲ್ಲ, ಆಸ್ಪತ್ರೆ ಕಾಣಲಿಲ್ಲ, ತಂಗಿ ಹತ್ತಿರವೇ ಇದ್ದರು. ಅಷ್ಟು ದಯೆ ತೋರಿಸಿದ ದೇವರಿಗೆ ಕೈಮುಗಿದೆ. ಅದೊಂದು ಬಿಟ್ಟರೆ ಆ ದಿನ ನನ್ನೊಳಗೆ ಇದ್ದದ್ದು ಬರೀ ಸಿಟ್ಟು.

ಅವರು ಮುಂಬಯಿಯ ದೊಡ್ಡ ಹೋಟೆಲುಗಳಲ್ಲಿ, ಆಮೇಲೆ ಹಡಗುಗಳಲ್ಲಿ ಜಾಝ್ ನುಡಿಸಿದವರು. ಬ್ಯಾಂಡಿನವರು ಬೇಡ, ರೆಕಾರ್ಡು ಸಾಕು ಎಂದು ಹೋಟೆಲಿನವರು ಹೇಳಿದ ಮೇಲೆ ನಮ್ಮೂರು ವರ್ಕಾಡಿಗೆ ಬಂದರು. ಇಲ್ಲಿ ಮದುವೆ ಮೆರವಣಿಗೆಗಳಲ್ಲಿ ಜರಿ ಕೋಟು ಹಾಕಿ ಸಿನಿಮಾ ಹಾಡು ನುಡಿಸಿದರು.

"ಜಾಝ್ ಅಂದ್ರೆ ಎಂತ ಅಂಕಲ್?" ಎಂದು ಒಮ್ಮೆ ಕೇಳಿದ್ದೆ.

"ನಿಮ್ಮ ಭಜನೆಯ ಹಾಗೇ ಮಾರಾಯ್ತಿ. ಒಬ್ಬ ಹೇಳುವುದು, ಉಳಿದವರು ಹಿಂದಿನಿಂದ ಹೇಳುವುದು. ಆದ್ರೆ ಹಿಂದಿನವ ಸ್ವಲ್ಪ ತನ್ನದೂ ಸೇರಿಸ್ಬೇಕು. ಇಲ್ಲದಿದ್ರೆ ಬೈಗಳು ಉಂಟು!"

ಭಜನೆಯಲ್ಲಿ ನಾನು ಯಾವಾಗಲೂ ತಾಳಕ್ಕಿಂತ ಹಿಂದೆ. ಉಳಿದವರು ನಗುತ್ತಿದ್ದರು. ಅಂಕಲ್ ಮಾತ್ರ, "ತಡ ಆದ್ರೆ ಆಗ್ಲಿ. ಎಲ್ಲಿಗೆ ಬಂದು ಸೇರ್ಬೇಕು ಅಂತ ಗೊತ್ತಿದ್ರೆ ಸಾಕು" ಎಂದರು. ಆ ಮಾತಿನ ಧೈರ್ಯದಲ್ಲೇ ನಾನು ಇವತ್ತಿಗೂ ಬಾಯಿಬಿಟ್ಟು ಹಾಡುತ್ತೇನೆ.

ಆರು ವರ್ಷದ ಹಿಂದೆ ನಮ್ಮ ಭಜನಾ ಮಂದಿರದ ವಾರ್ಷಿಕೋತ್ಸವಕ್ಕೆ ಸ್ಯಾಕ್ಸೊಫೋನ್ ನುಡಿಸಲು ಗೊತ್ತು ಮಾಡಿದ್ದವರು ಜ್ವರ ಬಂದು ಮಲಗಿದರು. ನಮ್ಮ ಕಡೆ ದೇವರ ಮುಂದೆ ಆ ವಾದ್ಯ ಇಲ್ಲದೆ ಆಗುವುದಿಲ್ಲ. ಅಂಕಲರನ್ನು ಕರೆಯುವ ಎಂದವಳು ನಾನೇ. ಅವರು ಮೂರು ದಿನ ಮೀನು ಬಿಟ್ಟರು. ಮಿಂದು, ಬಿಳಿ ಪಂಚೆ ಉಟ್ಟು, ಬರಿಗಾಲಲ್ಲಿ ಬಂದರು. ವಾದ್ಯದ ಬಾಯಿಗೆ ಸಿಕ್ಕಿಸುವ ತೆಳು ರೀಡ್ ಪಟ್ಟಿಯನ್ನು ನಾಲಿಗೆಯ ಮೇಲಿಟ್ಟು ನೆನೆಸುತ್ತಿದ್ದಾಗ ಮಂದಿರದ ಕಾರ್ಯದರ್ಶಿ, "ಹೋಟೆಲಿನ ಪದ್ಯ ಎಲ್ಲ ಬೇಡ, ಆಯ್ತಾ?" ಎಂದ. ಬಾಯಲ್ಲಿ ಪಟ್ಟಿ, ಅಂಕಲ್ ತಲೆ ಆಡಿಸಿದರು.

ಮಂಗಳಾರತಿಗೆ ನಮ್ಮದೇ ಹಾಡು ಎತ್ತಿಕೊಂಡರು. ಎರಡನೆಯ ಸುತ್ತಿಗೆ ಅದಕ್ಕೆ ತಮ್ಮದೊಂದಿಷ್ಟು ಸೇರಿಸಿದರು. ನನಗೆ ಕಣ್ಣು ತುಂಬಿತು. ಕಾರ್ಯದರ್ಶಿ ಎದ್ದು ಹೋಗಿ ಮೈಕಿನ ವಯರು ಎಳೆದುಬಿಟ್ಟ. "ಇದು ಕ್ಲಬ್ ಅಲ್ಲ ಮಾರಾಯ್ರೆ!"

ಆರತಿ ಇನ್ನೂ ಮುಗಿದಿರಲಿಲ್ಲ. ಅಂಕಲ್ ಸ್ಯಾಕ್ಸೊಫೋನ್ ಕೆಳಗಿಟ್ಟು, ಚೀಲದಿಂದ ಬೆಳ್ಳಿ ಬಣ್ಣದ ಕೊಳಲು ತೆಗೆದು, ನಾವು ಹಾಡುವ ಹಾಗೆಯೇ, ಒಂದು ಸ್ವರ ಹೆಚ್ಚಿಲ್ಲದೆ, ಮೆಲ್ಲಗೆ ಕೊನೆಯವರೆಗೂ ನುಡಿಸಿದರು. ಆರತಿ ಅರ್ಧಕ್ಕೆ ನಿಲ್ಲಬಾರದೆಂದು ಅಲ್ಲಿ ನೆನಪಿದ್ದದ್ದು ಅವರೊಬ್ಬರಿಗೇ. ಕರೆಸಿದವಳು ನಾನು, ತುಟಿ ಹೊಲಿದವಳ ಹಾಗೆ ಕೂತಿದ್ದೆ. ಹೊರಡುವಾಗ ಅವರು, "ಪಂಚಕಜ್ಜಾಯಕ್ಕೆ ಎಳ್ಳು ಒಳ್ಳೆ ಹುರಿದಿದ್ದಾರೆ" ಎಂದರು, ಅಷ್ಟೇ. ಮತ್ತೆ ಯಾರೂ ಅವರನ್ನು ಕರೆಯಲಿಲ್ಲ.

ಅಂಕಲರ ಮನೆಯಿಂದ ನಾನು ಹಿಂದಿರುಗಿ ಬರುವಾಗ ಅದೇ ಕಾರ್ಯದರ್ಶಿ ನಮ್ಮ ಗೇಟಿನಲ್ಲಿ ನಿಂತಿದ್ದ.

"ಅಕ್ಕ, ಅವರು ನುಡಿಸುವ ಫೋಟೋ ನಿಮ್ಮ ಮಗಳ ಹತ್ತಿರ ಉಂಟಂತಲ್ಲ? ಫ್ಲೆಕ್ಸ್ ಹಾಕುವ ಅಂತ. ಊರಿನ ಹೆಮ್ಮೆ ಅಲ್ವಾ ಅವರು?"

ಉಂಟು. ಉತ್ಸವದ ದಿನ ಮಗಳು ತೆಗೆದದ್ದು. ದೀಪದ ಬೆಳಕಿನಲ್ಲಿ ಅಂಕಲ್ ಕಣ್ಣು ಮುಚ್ಚಿ ನುಡಿಸುತ್ತಿದ್ದಾರೆ. ಅಂಚಿನಲ್ಲಿ ಮೈಕಿನ ವಯರು ಹಿಡಿದ ಒಂದು ಕೈ, ಬೆರಳಲ್ಲಿ ಕೆಂಪು ಕಲ್ಲಿನ ಉಂಗುರ. ಆ ಉಂಗುರ ಈಗ ನನ್ನ ಗೇಟಿನ ಮೇಲಿತ್ತು.

"ಕೊಡ್ತೇನೆ," ಎಂದೆ. "ಅಂಚು ಕತ್ತರಿಸದೆ ಹಾಕುವುದಾದ್ರೆ ಕೊಡ್ತೇನೆ. ವಯರು ಎಳೆದ ಕೈಯೂ ಕಾಣ್ಲಿ. ಆರು ವರ್ಷ ತಡ ಆಯ್ತು ನಂಗೆ ಇದನ್ನು ಹೇಳ್ಲಿಕ್ಕೆ."

ಅವನು ಗೇಟಿನ ಮೇಲಿಂದ ಕೈ ತೆಗೆದ. ಫೋಟೋದ ಮಾತು ಮತ್ತೆ ಎತ್ತಲಿಲ್ಲ.

ಒಳಗೆ ಹೋದರೆ ನೀರಿಗೆ ಹಾಕದೆ ಬಿಟ್ಟ ಗುಜ್ಜೆ ಕಪ್ಪಾಗಿತ್ತು. ಕಪ್ಪಾದದ್ದನ್ನು ಕೆತ್ತಿ ತೆಗೆದು, ಉಳಿದದ್ದನ್ನು ಪಲ್ಯಕ್ಕೆ ಬೇಯಲಿಟ್ಟು, ಅಂಕಲರ ತಂಗಿಗೆಂದು ಗಂಜಿಗೆ ಅಕ್ಕಿ ತೊಳೆಯತೊಡಗಿದೆ.