ಅರಳುವ ಜೋಳ ಹುರಿದ ಗುರುಬಾಯಿ

ಎಲ್ಲಾ ಜೋಳ ಅರಳೂದಿಲ್ರೀ. ಸಿಪ್ಪಿ ಗಟ್ಟಿ ಇರಬೇಕು, ಒಳಗಿನ ಹಿಟ್ಟು ಬಿರುಸಿರಬೇಕು. ನಾಗರ ಪಂಚಮಿ ಬಂತಂದ್ರ ನಾವು ಹೆಂಗಸರು ಜೋಳದ ಅರಳು ಹುರದು "ನನ್ನ ಕೈಗುಣ ನೋಡು" ಅಂತ ಮೆರೀತೀವಿ. ಕೈಗುಣ ಎಲ್ಲೀದು ಮಣ್ಣು! ಅದು ಕಾಳಿನ ವಂಶದ ಗುಣ. ಉಪ್ಪಲ್ ಆಚೆಗಿನ ನಮ್ಮ ಬೀಜದ ಕಂಪನಿಯೊಳಗ ಸ್ನೇಹಲತಾ ಮೇಡಂ ಏಳು ವರ್ಷದಿಂದ ಆ ಗುಣಾನ ಹುಡುಕಾಕತ್ತಿದ್ರು. ಅವರಿಗೆ ಜೋಳ ಹುರದು ತೋರಸಾಕಿ ಕಾಚಿಗೂಡದ ಗುರುಬಾಯಿ. ಕಾಳಿನ ಕವರ್ ತಂದುಕೊಡಾಕಿ ನಾನು, ಸಾವಿತ್ರಿ.

ಅರಳಿದ ಕಾಳು ಮೊಳೆಯೂದಿಲ್ಲಲ್ಲ? ಅದಕ್ಕ ಪ್ರತಿ ತೆನಿಗೆ ಎರಡು ಕವರ್. ಒಂದು ಹುರಿಯಾಕ, ಒಂದು ಬಿತ್ತಾಕ. ಆವತ್ತು ಒಂದು ತೆನಿ ನೂರಕ್ಕ ತೊಂಬತ್ತಾರು ಅರಳಿತು. ಮೇಡಂ ಕುಣಿಯೂದೊಂದ ಬಾಕಿ. "ಸಾವಿತ್ರಿ, ಇದರ ಬಿತ್ತೂ ಕವರ್ ತಾ" ಅಂದ್ರು.

ಕಪಾಟಿನೊಳಗ ಕವರ್ ಇಲ್ಲ! ಮುಂಜಾನೆ ಹರಟಿ ಹೊಡಕೋತ ಎರಡೂ ಕವರ್ ಗುರುಬಾಯಿ ಕೈಗೆ ಕೊಟ್ಟಿದ್ದೆ. ಆಕಿಗೆ ಓದಾಕ ಬರೂದಿಲ್ಲ, ಎರಡೂ ಹುರದಿದ್ಲು. ಏಳು ವರ್ಷದ ಕೆಲಸ ಬಾಣಲಿಯೊಳಗ ಹೋಗಿತ್ತು.

ಮ್ಯಾನೇಜರ್ ವಿಶ್ವಜಿತ್ ಓಡಿ ಬಂದ. "ಯಾರ ತಪ್ಪು? ಹೇಳ್ರಿ, ಇವತ್ತ ಮನಿಗೆ ಕಳಸ್ತೀನಿ."

ಗುರುಬಾಯಿ ಸೆರಗಿನ ಗಂಟು ಬಿಚ್ಚಿದ್ಲು. ಒಳಗ ಹನ್ನೆರಡು ಹಸಿ ಕಾಳು.

"ಅದ ಕವರಿನವು ರೀ. ಇದ್ದ ಜೋಳ ಪೂರಾ ಬೆಂಕಿಗೆ ಹಾಕಬಾರದು ಅಂತಿದ್ಲು ನಮ್ಮವ್ವ. ಹುರಿಯೂಕ್ಕಿಂತ ಮೊದಲ ಚಿಟಿಕಿ ತಗದಿಡತೀನಿ."

ಮೇಡಂ ಆ ಕಾಳು ಬೊಗಸಿಯೊಳಗ ಹಿಡಕೊಂಡು ಅತ್ತೇಬಿಟ್ರು. ಆದ್ರ ನಮ್ಮ ಕಂಪನಿಯೊಳಗ ಒಂದು ಕಾಳು ಸೆರಗಿಗೆ ಕಟ್ಟಿದ್ರೂ ಕಳ್ಳತನ. ಅದು ಆಕಿಗೂ ಗೊತ್ತಿತ್ತು.

"ಮತ್ತ ಎರಡನೇ ಕವರ್ ಕೊಟ್ಟಾವ್ರು ಯಾರು?" ಅಂದ ವಿಶ್ವಜಿತ್.

ನಾ ಕಪಾಟಿನ ಕಡೆ ತಿರುಗಿದೆ. ಗುರುಬಾಯಿ ನನ್ನ ಕಡೆ ಒಮ್ಮೆ ನೋಡಿದ್ಲು.

"ಯಾರೂ ಕೊಟ್ಟಿಲ್ರಿ. ನಾನ ತಗೊಂಡೆ."

ಮಧ್ಯಾಹ್ನದೊಳಗ ಆಕಿ ಕೆಲಸದ ಕಾರ್ಡ್ ಕಸಗೊಂಡು ಮನಿಗೆ ಕಳಿಸಿದ್ರು. ಮೇಡಂ ಎಷ್ಟು ಬೇಡಿಕೊಂಡ್ರೂ ನಡೀಲಿಲ್ಲ.

ವಾರ ಬಿಟ್ಟು ಕಾಚಿಗೂಡಕ್ಕ ಹೋದೆ. ಎಲ್ಲಾ ಹೇಳಿ ಕಾಲು ಹಿಡೀಬೇಕಂತ ಹೋಗಿದ್ದೆ. ಚಾ ಕೊಟ್ಟು ಕೇಳಿದ್ಲು, "ಮೊಳತಾವೇನವಾ?"

"ಹನ್ನೊಂದು ಮೊಳತಾವಕ್ಕಾ."

ಸಣ್ಣ ಹುಡುಗಿಯಂಗ ಚಪ್ಪಾಳಿ ಹೊಡದ್ಲು. ನಾ ಚಾ ಕುಡದು ಎದ್ದು ಬಂದೆ, ನಾಚಿಕಿಗೇಡಿ. ಮ್ಯಾನೇಜರಿಗೂ ಇನ್ನೂ ಹೇಳಿಲ್ಲ.

ಈಗ ಆಕಿ ಜಾಗಾದಾಗ ಜೋಳ ಹುರಿಯಾಕಿ ನಾನು.