ಯಮನೂರ ಚೀಲ ಇಳಿಸಿದ ಜಾಗ

ನನ್ನ ಅಕ್ಕನ ಮಗ ಯಮನೂರ ಗೊರೇಬಾಳದವನು. ಮಿಲಿಟರಿ ಸೇರುವ ಮೊದಲು ಎರಡು ಸುಗ್ಗಿ ನನ್ನ ಜೊತೆ ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡಿದ. ಬೆನ್ನಿಗೆ ಚೀಲ ಬಿದ್ದ ಕೂಡಲೇ ಓಡಬೇಕು, ಇಳಿಸುವ ತನಕ ನಿಲ್ಲಬಾರದು, ನಡುವೆ ನೀರು ಕುಡಿಯಬಾರದು ಅಂತ ಕಲಿಸಿದವನು ನಾನೇ. ಎಪ್ಪತ್ತು ಹೆಜ್ಜೆಯ ಕೆಲಸಕ್ಕೆ ಅದು ಸರಿ.

ನಾಲ್ಕು ವರ್ಷ ನೌಕರಿಯಾದ ಮೇಲೆ ಕಮಾಂಡೊ ತರಬೇತಿಗೆ ಹೆಸರು ಕೊಟ್ಟ. ನಿದ್ದೆಗೆಡಿಸಿ, ಹಸಿವಿನಲ್ಲಿಟ್ಟು, ಮೂವತ್ತು ಕಿಲೋ ಹೊರಿಸಿ ನಲವತ್ತು ಕಿಲೋಮೀಟರ್ ನಡೆಸುತ್ತಾರಂತೆ. ಇವನು ಹಮಾಲನ ಹಾಗೆ ಓಡಿದ. ಹದಿನೆಂಟನೇ ಕಿಲೋಮೀಟರಿಗೆ ಎಲ್ಲರಿಗಿಂತ ಮುಂದಿದ್ದ. ಇಪ್ಪತ್ತೆರಡಕ್ಕೆ ನೆಲಕ್ಕೆ ಬಿದ್ದ. ಬಾಟಲಿಯ ನೀರು ಮುಟ್ಟಿರಲಿಲ್ಲ.

ರಜೆಗೆ ಬಂದವನು ನನ್ನನ್ನು ನೋಡಲು ಮಿಲ್ಲಿಗೆ ಬಂದ. ಮಾಲಕ ಸೂಗಪ್ಪ ಬಿಳಿ ಹಾಸಿನ ಗಾದಿಯ ಮೇಲೆ ಕೂತೇ, "ಏನಲೇ ಕಮಾಂಡೊ, ವಾಪಸ್ ಅಟ್ಯಾರಂತಲ್ಲ? ಬಾ, ನಿನ್ನ ಪಲ್ಟನ್ ಇಲ್ಲೇ ಐತಿ" ಅಂದು ಎಲ್ಲರೆದುರು ಅವನ ಬೆನ್ನಿಗೆ ಚೀಲ ಹಾಕಿಸಿದ. ಹುಡುಗ ಹೊತ್ತ. ನಾನು ಚೀಲ ಎಳೆಯುವ ಕೊಕ್ಕೆ ಹಿಡಿದು ಎದ್ದೆ. ಜೊತೆಯ ಹಮಾಲ ಖಾಜಾಸಾಬ್ ನನ್ನ ರಟ್ಟೆ ಹಿಡಿದುಬಿಟ್ಟ. ಅದಕ್ಕಾಗಿ ಇವತ್ತಿಗೂ ಖಾಜಾಸಾಬನ ಮೇಲೆ ನನಗೆ ಸಿಟ್ಟಿದೆ.

ಯಮನೂರನಿಗೆ ಮತ್ತೆ ಆ ತರಬೇತಿಗೆ ಹೋಗಲು ಉಳಿದದ್ದು ಒಂದೇ ಅವಕಾಶ. ಇಪ್ಪತ್ತು ದಿನ ಮಣ್ಣಿನ ಚೀಲ ಬೆನ್ನಿಗೆ ಕಟ್ಟಿ, ಕಾಲುವೆಯ ದಂಡೆ ಹಿಡಿದು ಸಾಲಗುಂದದ ಕಡೆ ನಡೆದ. ಹಿಂದೆ ಸೈಕಲ್ಲಿನಲ್ಲಿ ನಾನು. ಅವನು ಓಡಿದಾಗಲೆಲ್ಲ ಬೈಯುವುದು ನನ್ನ ಕೆಲಸ.

"ಸೂಗಪ್ಪನ ಮಾರಿ ನೆನಪಾದ್ರ ಕಾಲು ತಾವ ಓಡ್ತಾವ, ಮಾಮಾ."

"ಹಂಗಾದ್ರ ಮತ್ತ ಬೀಳ್ತಿ. ಆ ಸಿಟ್ಟು ನನ್ನ ಕಡೆ ಇಟ್ಟು ಹೋಗು, ನಾ ಕಾಯ್ತೀನಿ. ನೀ ನೀರು ಕುಡಿ."

ಎರಡನೇ ಸಲ ಬೀಳಲಿಲ್ಲ. ನಿದ್ದೆಯಿಲ್ಲದೆ ಕಣ್ಣು ಮಂಜಾಗಿ, ಪಕ್ಕದವರು ಅಳುತ್ತ ಕೂತಾಗ, ನನ್ನ ಬೈಗುಳ ಒಂದೊಂದೇ ನೆನೆದು ಹೆಜ್ಜೆ ಹಾಕಿದನಂತೆ. ಕಮಾಂಡೊಗಳ ಮರೂನ್ ಟೋಪಿ ಸಿಕ್ಕಿತು.

ಈ ಯುಗಾದಿಗೆ ಬಂದವನು ಸೀದಾ ಮಿಲ್ಲಿಗೆ ನಡೆದ. ಸೂಗಪ್ಪ ಎದ್ದು ನಿಂತು, "ಬರ್ರಿ ಯಮನೂರಪ್ಪ, ಚಾ ತರಸ್ತೀನಿ" ಅಂದ.

ಯಮನೂರ ನನ್ನ ಮುಂದೆ ಬೆನ್ನು ಬಗ್ಗಿಸಿದ. "ಮಾಮಾ, ಒಂದ್ ಚೀಲ ಹಾಕು."

ಹಾಕಿದೆ. ಅಂಗಳವನ್ನು ಮೂರು ಸುತ್ತು ಬಂದ, ಪಲ್ಲಕ್ಕಿ ಹೊತ್ತವರ ಹಾಗೆ ನಿಧಾನ. ಆಮೇಲೆ ಸೂಗಪ್ಪನೆದುರು ನಿಂತ.

"ಎಲ್ಲಿ ಇಳಸ್ಲಿರೀ, ಸಾವ್ಕಾರ್ರ?"

ಸೂಗಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಯಮನೂರ ಭಾರ ಹೊತ್ತೇ ಕಾದ. ಕೊನೆಗೆ ಗಾದಿಯ ನಟ್ಟನಡುವೆ ಚೀಲ ಇಳಿಸಿ, ಕೈ ಝಾಡಿಸಿ ಹೊರಟುಹೋದ.

"ಮಾನಪ್ಪ, ತೆಗೀಲೇ ಅದನ್ನ" ಅಂದ ಸೂಗಪ್ಪ ನನಗೆ.

"ನಿಮ್ಮ ಪಲ್ಟನ್ನೂ ಇಲ್ಲೇ ಐತೆಲ್ರೀ. ನೀವ ತೆಗೀರಿ."

ಸಂಜೆ ತನಕ ಒಬ್ಬ ಹಮಾಲನೂ ಅದನ್ನು ಮುಟ್ಟಲಿಲ್ಲ. ಸೂಗಪ್ಪ ನಿಂತೇ ಇದ್ದ. ಯಮನೂರನಿಗೆ ತರಿಸಿದ ಚಹಾ ನಾನು ಸೂಗಪ್ಪನೆದುರು ಕೂತು ಕುಡಿದೆ.