ನಿಂತ ಕಾರು ಟೋಲ್ ದಾಟಿದ ಭಾನುವಾರ

ಕಳೆದ ಭಾನುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ನನ್ನ ಹೊಸ ಕಾರು ಟೋಲ್ ದಾಟಿತು.

ಆಗ ನಾನು ಮನೆಯಲ್ಲಿ ಬರೀ ಬನಿಯನ್ ತೊಟ್ಟು ಕೂಲರ್ ಎದುರು ಕೂತು ಮಾವಿನ ವಾಟೆ ಚೀಪುತ್ತಿದ್ದೆ. ಕಾರು ಕೆಳಗೆ ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಕೀಲಿ ಗೋಡೆಯ ಮೊಳೆಗೆ ತೂಗುತ್ತಿತ್ತು.

ಹಾಗಾದರೆ ಟೋಲ್ ದಾಟಿದ್ದು ಯಾರು?

ಮೊಬೈಲಿಗೆ ಬಂದ ಮೆಸೇಜನ್ನು ಎರಡು ಸಲ ಓದಿದೆ. ಗಾಡಿ ನಂಬರ್ ನನ್ನದೇ. ನಂಬರ್ ಪ್ಲೇಟ್ ಬಂದು ಇನ್ನೂ ತಿಂಗಳು ಆಗಿಲ್ಲ, ತಪ್ಪು ಓದುವ ಮಾತೇ ಇಲ್ಲ. ಅಂಗಿ ಸಿಕ್ಕಿಸಿಕೊಂಡು ಕೆಳಗೆ ಓಡಿದೆ. ವಾಚ್‌ಮನ್ ರಾಮದಾಸ ನೆರಳಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ.

"ನನ್ನ ಗಾಡಿ ಯಾರಾದರೂ ಹೊರಗೆ ತೆಗೆದರಾ?" ಎಂದೆ.

"ಕಾಯ್ ಸಾಹೇಬ, ಗಾಡಿ ಇಥೇಚ್ ಆಹೇ ನಾ!" ಎಂದು ಮರಾಠಿಯಲ್ಲಿ ಹೇಳಿ, ಇಲ್ಲೇ ಇದೆಯಲ್ಲ ಎಂಬಂತೆ ನನ್ನ ಕಾರನ್ನು ನನಗೇ ತೋರಿಸಿದ. ಬಿಸಿಲಿಗೆ ಸಾಹೇಬರ ತಲೆ ಕಾಯ್ದಿದೆ ಎಂದುಕೊಂಡಿರಬೇಕು.

ಹೊದಿಕೆ ಎತ್ತಿ ಬಾನೆಟ್ ಮುಟ್ಟಿದೆ. ಕೈ ಸುಟ್ಟಿತು. ಆದರೆ ನಾಗಪುರದ ಮೇ ತಿಂಗಳಲ್ಲಿ ಬಾನೆಟ್ ಮುಟ್ಟಿ ಏನು ತಿಳಿಯುತ್ತದೆ? ಓಡಿದ ಗಾಡಿಯೂ ಬಿಸಿ, ನಿಂತ ಗಾಡಿಯೂ ಬಿಸಿ.

ಟೋಲ್‌ನ ಹೆಸರನ್ನು ಗಮನಿಸಿದ್ದು ಆಮೇಲೆ. 

ಅದು ವರ್ಧಾ ಕಡೆಗೆ ಹೋಗುವ ರಸ್ತೆಯ ಟೋಲ್. ಒಂಬತ್ತು ವರ್ಷದಿಂದ ನಾನು ಆ ರಸ್ತೆ ಹಿಡಿದಿಲ್ಲ. ಆ ಕಡೆ ಕೆಲಸ ಬಿದ್ದರೆ ರೈಲಿಗೆ ಹೋಗುತ್ತೇನೆ, ಇಲ್ಲವಾದರೆ ಸುತ್ತು ಹಾಕುತ್ತೇನೆ. (ಆಫೀಸಿನಲ್ಲಿ ನನಗೆ ರೈಲಿನ ಹುಚ್ಚು ಎಂದು ತಿಳಿದಿದ್ದಾರೆ. ತಿಳಿಯಲಿ ಬಿಡಿ.)

ಒಂಬತ್ತು ವರ್ಷದ ಹಿಂದೆ, ಇಂಥದೇ ಒಂದು ಭಾನುವಾರ, ಅಪ್ಪ ಹಳೆಯ ಕಾರು ತೆಗೆದುಕೊಂಡು ವರ್ಧಾಕ್ಕೆ ಸ್ನೇಹಿತರ ಮನೆಗೆ ಹೊರಟರು. "ನೀನೂ ಬಾರೋ, ಮಾತಾಡಕೊಂತ ಹೋಗೂಣು" ಎಂದಿದ್ದರು. ನಾನು ಟಿವಿಯಲ್ಲಿ ಮ್ಯಾಚ್ ನೋಡುತ್ತಿದ್ದೆ. ಹೋಗಲಿಲ್ಲ.

ಅಪ್ಪ ಹೋದರು, ಉಂಡರು, ಸಂಜೆ ಹೊರಟರು. ಟೋಲ್ ಇನ್ನೂ ಸ್ವಲ್ಪ ದೂರ ಇರುವಾಗ ಎದೆ ಹಿಡಿದಿರಬೇಕು. ಹುಣಸೆ ಮರದ ಕೆಳಗೆ, ರಸ್ತೆ ಬಿಟ್ಟು, ಕಾರನ್ನು ನೀಟಾಗಿ ಪಕ್ಕಕ್ಕೆ ಹಾಕಿದ್ದರು. ಯಾರೋ ಲಾರಿಯವರು ನೋಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ಇಂಡಿಕೇಟರ್ ಮಾತ್ರ ಮಿಣಕ್ ಮಿಣಕ್ ಎನ್ನುತ್ತಲೇ ಇತ್ತಂತೆ.

ಅಂಗಿಯ ಜೇಬಿನಲ್ಲಿ ಟೋಲ್‌ನ ಚೀಟಿ ಇತ್ತು. ಆಗಿನ್ನೂ ಕಾಗದದ ಚೀಟಿಯ ಕಾಲ, ನೆನಪಿದೆಯಲ್ಲ? ಹೋಗುವಾಗಲೇ ಬರುವುದಕ್ಕೂ ಸೇರಿಸಿ ತೆಗೆಸಬಹುದಿತ್ತು. ಅಪ್ಪ ಹಾಗೇ ತೆಗೆಸಿದ್ದರು. ಹೋಗಿದ್ದಾಗಿತ್ತು. ಬರುವುದು ಉಳಿದಿತ್ತು.

ಆ ಚೀಟಿಯನ್ನು ಅವ್ವ ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಕೆಳಗೆ ಇಟ್ಟಳು. ನಾವು ಯಾರೂ ಅದರ ಮಾತೆತ್ತಲಿಲ್ಲ.

ಈಗ ಹೊಸ ಕಾರಿನ ವಿಷಯಕ್ಕೆ ಬರುತ್ತೇನೆ.

ಶೋರೂಮಿನಲ್ಲಿ ಕೀಲಿ ಕೊಡುವ ದಿನ ಅಲ್ಲಿಯವನು ಮುಂದಿನ ಗಾಜಿಗೆ ಫಾಸ್ಟ್ಯಾಗ್ ಅಂಟಿಸಲು ಬಂದ. ಅವ್ವ ಕೈ ಅಡ್ಡ ಹಿಡಿದಳು. ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹೊಸದು ಏನೇ ಬರಲಿ, ಬಟ್ಟೆಯಿರಲಿ ಬಂಗಾರವಿರಲಿ, ಮೊದಲು ಮನೆಯ ಹಿರಿಯರಿಗೆ ತೋರಿಸಬೇಕು. ಆಮೇಲೆ ಉಳಿದದ್ದು.

"ಇವರಪ್ಪಗ ತೋರಿಸೂಮಟ ಗಾಜಿಗೆ ಏನೂ ಹಚ್ಚೂ ಹಂಗಿಲ್ಲ" ಎಂದಳು.

"ಅಪ್ಪನ ಫೋಟೋಕ್ಕ ತೋರಿಸಿದ್ರ ಆತಲ್ಲವಾ" ಎಂದೆ.

"ಫೋಟೋ ಗ್ವಾಡಿ ಮ್ಯಾಲೈತಿ. ಅವರು ಅಲ್ಲೇ ಅದಾರ. ಆ ಗಿಡದ ಕೆಳಗ."

ಶೋರೂಮಿನವನಿಗೆ ಕನ್ನಡ ತಿಳಿಯದ್ದು ನನ್ನ ಪುಣ್ಯ. ಟ್ಯಾಗ್ ಲಕೋಟೆ ಸಮೇತ ಅವ್ವನ ಚೀಲ ಸೇರಿತು. ಅಲ್ಲಿಂದ ದೇವರ ಗೂಡಿಗೆ, ಅದೇ ಕುಂಕುಮದ ಭರಣಿಯ ಕೆಳಗೆ, ಅದೇ ಹಳೆಯ ಚೀಟಿಯ ಪಕ್ಕಕ್ಕೆ.

"ಒಂದು ತಾಸಿನ ದಾರಿ, ಕರಕೊಂಡು ಹೋಗೋ" ಎಂದು ಅವ್ವ ಮೂರು ಭಾನುವಾರ ಕೇಳಿದಳು. ನಾನು ಮೂರು ಭಾನುವಾರವೂ ಒಂದೊಂದು ನೆಪ ಹೇಳಿದೆ. ನಡುವೆ ಒಮ್ಮೆ ರಾಮಟೇಕ್‌ಗೆ ಹೋದಾಗ ನನ್ನ ಹೆಂಡತಿ ವಿದ್ಯಾ ಟ್ಯಾಗನ್ನು ಆರತಿ ತಟ್ಟೆಯಂತೆ ಗಾಜಿನೊಳಗಿಂದ ಎತ್ತಿ ಹಿಡಿದಳು, ಟೋಲ್ ಗೇಟ್ ತೆರೆಯಿತು. ಹಿಂದಿನ ಸೀಟಿನಲ್ಲಿ ಅವ್ವ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಏನು ಕಲಿಯುತ್ತಿದ್ದಾಳೆ ಎಂದು ನನಗೆ ಆಗ ಹೊಳೆಯಲಿಲ್ಲ.

ಆ ಭಾನುವಾರ ಅವ್ವ ಬೆಳಿಗ್ಗೆಯೇ ಮಹಾಲ್ ಬಡಾವಣೆಯಲ್ಲಿರುವ ಗೆಳತಿ ಕುಸುಮತಾಯಿಯ ಮನೆಗೆ ಭಜನೆ ಎಂದು ಹೋಗಿದ್ದಳು. ಮೆಸೇಜ್ ಬಂದ ಮೇಲೆ ಫೋನ್ ಮಾಡಿದೆ. ಅವ್ವನ ಫೋನು ನಮ್ಮ ಫ್ರಿಜ್ಜಿನ ಮೇಲೆಯೇ ಬಡಿದುಕೊಂಡಿತು. ಕುಸುಮತಾಯಿ ಎತ್ತಲಿಲ್ಲ.

ವಿದ್ಯಾ ದೇವರ ಗೂಡಿನ ಮುಂದೆ ನಿಂತು ಕೂಗಿದಳು. "ರೀ, ಇಲ್ಲಿ ಬರ್ರಿ."

ಭರಣಿ ಪಕ್ಕಕ್ಕೆ ಸರಿದಿತ್ತು. ಲಕೋಟೆ ಇಲ್ಲ. ಹಳೆಯ ಚೀಟಿಯೂ ಇಲ್ಲ.

"ಅತ್ತಿ ಆ ರಸ್ತೆಗೆ ಹೋಗ್ಯಾರ" ಎಂದಳು ಮೆಲ್ಲಗೆ. "ಎಪ್ಪತ್ತೆರಡು ವರ್ಷ. ಈ ಬಿಸಿಲಾಗ. ಹೊರಡ್ರಿ ಲಗೂನ."

ಹೊರಡಬೇಕಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಮ್ಮ ಮುಂದೆ ಮುಚ್ಚಿಟ್ಟು ಏನು ಮಾಡಲಿ? ಮೂರು ಸಲ ಕೀಲಿ ಹಿಡಿದು ಮೆಟ್ಟಿಲು ಇಳಿದೆ. ಮೂರು ಸಲ ಹತ್ತಿ ಬಂದೆ. ಕಾರಿನ ಬಾಗಿಲ ತನಕ ಹೋದರೆ ಆ ಹುಣಸೆ ಮರ ಕಣ್ಣ ಮುಂದೆ ನಿಲ್ಲುತ್ತಿತ್ತು. ಇಂಡಿಕೇಟರ್ ಮಿಣಕ್ ಮಿಣಕ್.

ಕೊನೆಗೆ ವಿದ್ಯಾ ಚಪ್ಪಲಿ ಮೆಟ್ಟಿದಳು. "ನೀವಿರ್ರಿ. ನಾ ಆಟೋ ಮಾಡ್ಕೊಂಡು ಹೋಗ್ತೀನಿ."

ಅಷ್ಟರಲ್ಲಿ ಗೇಟಿನ ಹತ್ತಿರ ಒಂದು ಆಟೋ ನಿಂತಿತು. ಅವ್ವ ಇಳಿದಳು. ಸೀರೆಯ ಅಂಚಿಗೆ ಮಣ್ಣು, ಬೆರಳ ತುದಿಗೆ ಕುಂಕುಮ, ಕೈಯಲ್ಲಿ ಅರ್ಧ ಹೋಳು ತೆಂಗಿನಕಾಯಿ. ಗಂಟೆ ಐದೂಕಾಲು.

"ಎಲ್ಲಿಗೆ ಹೋಗಿದ್ಯವಾ?" ಎಂದೆ.

"ಮೊದಲು ನೀರು ಕೊಡ್ರಿ. ಆಮ್ಯಾಲೆ ಬೈಯ್ಯಿರಂತ."

ನೀರು ಕುಡಿದು ಎಲ್ಲ ಹೇಳಿದಳು. ಕುಸುಮತಾಯಿಯ ಅಳಿಯ ವರ್ಧಾಕ್ಕೆ ಹೊರಟಿದ್ದ, ಅವನ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಅಳಿಯನ ಟ್ಯಾಗ್ ಬ್ಲ್ಯಾಕ್‌ಲಿಸ್ಟ್ ಆಗಿ ಗೇಟ್ ತೆರೆಯಲಿಲ್ಲ. ಅವ್ವ ನಮ್ಮ ಟ್ಯಾಗ್ ತೆಗೆದು, ಸೊಸೆಯಂತೆಯೇ, ಗಾಜಿಗೆ ಎತ್ತಿ ಹಿಡಿದಳು. ತೆರೆಯಿತು. ಹುಣಸೆ ಮರದ ಹತ್ತಿರ ನಿಲ್ಲಿಸಿ, ಕಾಯಿ ಒಡೆದು, ಮರದ ಬುಡಕ್ಕೆ ಟ್ಯಾಗ್ ಮುಟ್ಟಿಸಿ, ವರ್ಧಾದಲ್ಲಿ ಇಳಿದು ರೈಲು ಹತ್ತಿ ನಾಗಪುರದ ಅಜನಿ ಸ್ಟೇಷನ್ನಿಗೆ ಬಂದಳು.

"ಗಾಡಿ ಬರಲಿಲ್ಲ ಅಂದ್ರ ಗಾಡಿ ಚೀಟಿನರ ತೋರಿಸಿ ಬಂದೆ" ಎಂದಳು. "ನಿನಗ ಆಗೂದಿಲ್ಲ ಅಂತ ನನಗ ಗೊತ್ತೈತಿ. ನಿನ್ನ ಮ್ಯಾಲೆ ಸಿಟ್ಟಿಲ್ಲಪಾ."

ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹಳೇ ಚೀಟಿ?"

"ಅಲ್ಲೇ ಬುಡದಾಗ ಇಟ್ಟು ಬಂದೆ. ಅದು ಅವರದು. ಬರೂದು ಬಾಕಿ ಇತ್ತಲ್ಲ."

ಲಕೋಟೆಯಿಂದ ಟ್ಯಾಗ್ ತೆಗೆದು ಮೇಜಿನ ಮೇಲೆ ಇಟ್ಟಳು. ವಿದ್ಯಾ ಚಹಾ ತಂದಳು. ಮೂವರೂ ಕೂತೆವು. ಟ್ಯಾಗ್ ನಮ್ಮ ಕಪ್ಪುಗಳ ನಡುವೆ, ಮಣ್ಣು ಮೆತ್ತಿಕೊಂಡು ಬಿದ್ದಿತ್ತು.

ಐದು ಐವತ್ತೆರಡಕ್ಕೆ ನನ್ನ ಫೋನು ನಡುಗಿತು.

ಅದೇ ನಂಬರ್. ಅದೇ ಟೋಲ್. ಸಮಯ: ಐದು ಐವತ್ತೊಂದು. ಕಡಿತವಾದ ಹಣ, ವಾಪಸ್ ಪ್ರಯಾಣದ್ದು.

ಮೂವರೂ ಆ ಮೆಸೇಜ್ ಓದಿದೆವು.  ಅವ್ವ ಬಂದದ್ದು ರೈಲಿನಲ್ಲಿ. ರೈಲಿಗೆಲ್ಲಿಯ ಟೋಲ್? ಟ್ಯಾಗ್ ಮುಂದೆಯೇ ಇದೆ. ನಾನು ಕೆಳಗೆ ಓಡಿದೆ. ಕಾರು ಅಲ್ಲೇ ಇತ್ತು. ನಾಲ್ಕು ಗಂಟೆಗೇ ಅಲ್ಲಿಗೆ ಬಿಲ್ಡಿಂಗಿನ ನೆರಳು ಬೀಳುತ್ತದೆ. ಪಕ್ಕದ ಗಾಡಿಯ ಬಾನೆಟ್ ಮುಟ್ಟಿದೆ, ಉಗುರು ಬೆಚ್ಚಗಿತ್ತು. ನನ್ನದನ್ನು ಮುಟ್ಟಿದೆ. ಕೈ ಹಿಂದಕ್ಕೆ ಎಳೆದುಕೊಂಡೆ.

(ಹೊದಿಕೆಯೊಳಗೆ ಕಾವು ನಿಂತಿರುತ್ತದೆ ಎಂದು ಆಮೇಲೆ ವಿದ್ಯಾ ಹೇಳಿದಳು. ಇರಬಹುದು.)

ಮೇಲೆ ಬಂದರೆ ಅವ್ವ ಎದ್ದು ನಿಂತಿದ್ದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಊರಿನಿಂದ ನೆಂಟರು ಹೊರಟ ಸುದ್ದಿ ಬಂದಾಗ ಇರುತ್ತದಲ್ಲ, ಅಂಥ ಗಡಿಬಿಡಿ.

"ಟೋಲ್‌ನಿಂದ ಮನಿಗೆ ಮುಕ್ಕಾಲು ತಾಸು. ವಿದ್ಯಾ, ಇನ್ನೊಂದು ಕಪ್ ಚಹಾಕ್ಕ ಇಡವಾ. ಸಕ್ಕರಿ ಕಡಿಮಿ."

ನಮ್ಮ ಮನೆಯಲ್ಲಿ ಸಕ್ಕರೆ ಕಡಿಮೆ ಕುಡಿಯುತ್ತಿದ್ದವರು ಒಬ್ಬರೇ. ವಿದ್ಯಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ಚಹಾಕ್ಕೆ ಇಟ್ಟಳು.

ಅವ್ವ ಬಾಗಿಲು ತೆರೆದು, ಹೊಸ್ತಿಲಾಚೆ ಕಾಲಿಗೆ ನೀರು ಇಟ್ಟು, ಕುರ್ಚಿ ಹಾಕಿಕೊಂಡು ಕೂತಳು. ನಾನೂ ಕೂತೆ. ಮೆಟ್ಟಿಲಲ್ಲಿ ಬಿಸಿಗಾಳಿ ಏರಿ ಬರುತ್ತಿತ್ತು. ಮೇಲಿನ ಮಹಡಿಯ ನಾಯಿ ಒಮ್ಮೆ ಬೊಗಳಿತು, ಆಮೇಲೆ ಸುಮ್ಮನಾಯಿತು. ನೋಡಬಾರದೆಂದುಕೊಂಡೇ ಗಡಿಯಾರ ನೋಡಿದೆ. ಆರು ಮೂವತ್ತೈದು. ಆರು ಮೂವತ್ತಾರು.

ಆರು ಮೂವತ್ತೇಳಕ್ಕೆ ಅವ್ವ ಎದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಬಾಗಿಲಿನಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು, ಯಾರಿಗೋ ದಾರಿ ಬಿಡುವಂತೆ. ಆಮೇಲೆ ಬಾಗಿಲು ಹಾಕಿ ಚಿಲಕ ಏರಿಸಿದಳು. ಮನೆಯವರೆಲ್ಲ ಒಳಗೆ ಬಂದಾದ ಮೇಲೆ ಹಾಕುತ್ತಾರಲ್ಲ, ಹಾಗೆ.

"ಈಗ ಹಚ್ಚೋ ನಿನ್ನ ಟ್ಯಾಗು" ಎಂದಳು.

ಆ ಸಂಜೆಯೇ ಅಂಟಿಸಿದೆ.  ಈ ಭಾನುವಾರ ಅವ್ವನನ್ನು ಕೂರಿಸಿಕೊಂಡು ಆ ರಸ್ತೆಗೆ ಹೋಗುವವನಿದ್ದೇನೆ. ಎದುರಿಗೆ ಹೇಳಿದ್ದಕ್ಕೆ ಅವ್ವ ನಕ್ಕಳು. "ಈಗ್ಯಾಕ? ಅಲ್ಲಿ ಯಾರದಾರ?"

ಸೋಮವಾರ ಟ್ಯಾಗ್ ಕೊಟ್ಟ ಬ್ಯಾಂಕಿನ ಹೆಲ್ಪ್‌ಲೈನ್‌ಗೆ ಫೋನ್ ಮಾಡಿದೆ. ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಮೊದಲನೆಯದಕ್ಕೆ ಫೋಟೋ ಇದೆ ಸರ್, ಎರಡನೆಯದಕ್ಕೆ ಗಾಡಿಯ ಫೋಟೋ ಕಾಣಿಸುತ್ತಿಲ್ಲ, ಸಿಸ್ಟಮ್ ತಪ್ಪಿರಬಹುದು. ನೀವು ಒಂದು ಕಂಪ್ಲೇಂಟ್ ಕೊಟ್ಟರೆ ಆ ವಾಪಸ್ ಪ್ರಯಾಣವನ್ನು ಕ್ಯಾನ್ಸಲ್ ಮಾಡಿ ಹಣ ಮರಳಿಸುತ್ತೇವೆ. ಕೊಡುತ್ತೀರಾ ಸರ್?

ಬೇಡಮ್ಮ ಎಂದು ಫೋನ್ ಇಟ್ಟೆ.

ಒಂಬತ್ತು ವರ್ಷದ ಮೇಲೆ ಮನೆಗೆ ಬಂದ ಅಪ್ಪನ ಪ್ರಯಾಣವನ್ನು ಕ್ಯಾನ್ಸಲ್ ಮಾಡಿ ಎಂದು ಯಾವ ಮಗ ಕಂಪ್ಲೇಂಟ್ ಕೊಡುತ್ತಾನೆ, ನೀವೇ ಹೇಳಿ?